ನಿನ್ನ ತಂದೆಯವರ ಬಗ್ಗೆ ನೀನು ಕೇಳಿದ್ದಕ್ಕೆ

ಪ್ರೀತಿಯ ಗೆಳೆಯಾ,

ನಿನ್ನ ತಂದೆ ತೀರಿಹೋಗಿ ಶುಭಸ್ವೀಕಾರವೆಲ್ಲ ಮುಗಿದ ಮೇಲೆ ಫೋನ್ ಮಾಡಿ ನೀನು ಕೇಳಿದೆ: "ನಮ್ಮಪ್ಪ ಆಚಾರ್ಯರ ತಿರುವಡಿ, ಅಂದರೆ ಪಾದ, ಸೇರಿದರು ಅಂತ ನಾವು ಶ್ರೀವೈಷ್ಣವರು ಹೇಳ್ತೀವಿ. ನಿಮ್ಮ ಬೈಬಲ್ ಪ್ರಕಾರ ಅವರು ಈಗ ಎಲ್ಲಿದ್ದಾರೆ? ಮರೆಮಾಚದೆ ಹೇಳು." ಫೋನಿನಲ್ಲಿ ಹೇಳಿ ಮುಗಿಸುವ ಮಾತು ಅದಾಗಿರಲಿಲ್ಲ, ಅದಕ್ಕೇ ಬರೆಯುತ್ತೇನೆ ಎಂದೆ. ಬರೆದದ್ದನ್ನು ಎಲ್ಲರೂ ಓದುವ ಹಾಗೆ ಹಾಕು, ಈ ಪ್ರಶ್ನೆ ಇನ್ನೂ ಎಷ್ಟೋ ಮನೆಗಳಲ್ಲಿದೆ ಎಂದವನೂ ನೀನೇ. ಹಾಗಾಗಿ ನಮ್ಮಿಬ್ಬರ ಮಾತನ್ನು ಹೊರಗೆ ಇಡುತ್ತಿದ್ದೇನೆ.

ಸುಲಭದ ಉತ್ತರಗಳು ಎರಡಿವೆ. ಎಲ್ಲ ದಾರಿಯೂ ಒಂದೇ ಕಡೆ ಹೋಗುತ್ತದೆ, ಚಿಂತೆ ಬಿಡು ಎನ್ನುವುದು ಒಂದು. ಯೇಸುವನ್ನು ಒಪ್ಪದೆ ಸತ್ತವರಿಗೆಲ್ಲ ನರಕವೇ ಗತಿ ಎನ್ನುವುದು ಇನ್ನೊಂದು. ಎರಡನ್ನೂ ನಾನು ಹೇಳಲಾರೆ. ಮೊದಲನೆಯದು ನಿನ್ನ ತಂದೆಗೇ ಮಾಡುವ ಅವಮಾನ. ನಾರಾಯಣನ ಪಾದವೊಂದೇ ಗತಿ ಎಂದು ಎಂಬತ್ತು ದಾಟುವವರೆಗೂ ಹಿಡಿದುಕೊಂಡಿದ್ದ ಮನುಷ್ಯನಿಗೆ "ನೀವು ಯಾವುದನ್ನು ಹಿಡಿದಿದ್ದರೂ ಅಷ್ಟೇ ಆಗುತ್ತಿತ್ತು" ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಎರಡನೆಯದನ್ನು ಹೇಳುವ ಅಧಿಕಾರ ನನಗಿಲ್ಲ. ಯಾಕಿಲ್ಲ ಎಂಬುದನ್ನೇ ಬಿಡಿಸಿ ಬರೆಯಬೇಕು.

ಕ್ರೈಸ್ತರ ರಕ್ಷಣೆಯ ಬಗ್ಗೆ ಹೊರಗಿನವರಲ್ಲಿ ಒಂದು ಕಲ್ಪನೆಯಿದೆ: ಒಳ್ಳೆಯದು ಮಾಡಿದರೆ ಸ್ವರ್ಗ, ಕೆಟ್ಟದ್ದು ಮಾಡಿದರೆ ನರಕ, ಮಧ್ಯೆ ದೀಕ್ಷಾಸ್ನಾನ ಆಗಿರಬೇಕು ಎಂದು. ನಮ್ಮವರಲ್ಲೂ ಎಷ್ಟೋ ಜನ ಹೀಗೇ ತಿಳಿದುಕೊಂಡಿದ್ದಾರೆ. ಆದರೆ ಯೇಸುವಿನ ಸುವಾರ್ತೆ ಸಾರಿದ ಪೌಲನು ಎಫೆಸದವರಿಗೆ ಬರೆದದ್ದು ಬೇರೆ: ರಕ್ಷಣೆ ಸಿಕ್ಕಿದ್ದು ಕೃಪೆಯಿಂದ, ನಂಬಿಕೆಯ ಮೂಲಕ, ಅದು ನಿಮ್ಮಿಂದಾದದ್ದಲ್ಲ, ದೇವರ ವರ, ನಿಮ್ಮ ಕೆಲಸಗಳಿಂದ ಬಂದದ್ದೂ ಅಲ್ಲ, ಹಾಗಾಗಿ ಯಾರೂ ಹೊಗಳಿಕೊಳ್ಳುವಂತಿಲ್ಲ. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ್ದ ಕಳ್ಳನಿಗೆ ಪುಣ್ಯ ಕಟ್ಟಿಕೊಳ್ಳಲು ಸಮಯವೇ ಇರಲಿಲ್ಲ. ಕೈಕಾಲಿಗೆ ಮೊಳೆ ಬಿದ್ದವನು ಇನ್ನೇನು ದಾನಧರ್ಮ ಮಾಡಿಯಾನು? ನನ್ನನ್ನು ನೆನಸಿಕೋ ಎಂದ, ಅಷ್ಟೇ. ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ ಎಂಬ ಮಾತು ಕೇಳಿಸಿಕೊಂಡ. ಹೊಸ ಒಡಂಬಡಿಕೆಯಲ್ಲಿ ಯೇಸು ಹೀಗೆ ನೇರವಾಗಿ ಮಾತು ಕೊಟ್ಟದ್ದು ಒಬ್ಬ ಅಪರಾಧಿಗೆ ಎಂಬುದು ನನಗೆ ದೊಡ್ಡ ಸಂಗತಿ.

ಇದನ್ನು ನಿಮ್ಮ ಮನೆ ಜಗುಲಿಯ ಮೇಲೆ ನಿನ್ನ ತಂದೆಗೆ ಹೇಳಿದಾಗ ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ, ಆಶ್ಚರ್ಯವಾದದ್ದು ನನಗೆ. ಗೀತೆಯ ಚರಮ ಶ್ಲೋಕ ಹೇಳಿ, ಎಲ್ಲ ಧರ್ಮಗಳನ್ನೂ ಬಿಟ್ಟು ನನ್ನೊಬ್ಬನಲ್ಲೇ ಶರಣಾಗು, ಎಲ್ಲ ಪಾಪಗಳಿಂದಲೂ ನಾನೇ ಬಿಡಿಸುತ್ತೇನೆ, ದುಃಖಿಸಬೇಡ ಎಂದು ಅರ್ಥ ಬಿಡಿಸಿದರು. ಆಮೇಲೆ ಹೊದ್ದಿದ್ದ ಉತ್ತರೀಯ ಸರಿಸಿ ತೋಳು ತೋರಿಸಿದರು. ಬಲಗಡೆ ಚಕ್ರ, ಎಡಗಡೆ ಶಂಖ. ಹುಡುಗರಾಗಿದ್ದಾಗ ಸಮಾಶ್ರಯಣವೆಂಬ ದೀಕ್ಷೆಯಲ್ಲಿ ಕಾಯಿಸಿ ಒತ್ತಿದ ಮುದ್ರೆ. ಸುಕ್ಕುಗಟ್ಟಿದ ಚರ್ಮದಲ್ಲಿ ಚಕ್ರದ ಅಂಚು ಅಳಿಸಿಹೋಗಿ ಒಂದು ಉಂಗುರದಷ್ಟು ಮಾತ್ರ ಉಳಿದಿತ್ತು. "ಇದು ನಾನು ಸಂಪಾದಿಸಿದ್ದಲ್ಲಪ್ಪ, ಹಾಕಿಸಿಕೊಂಡದ್ದು. ಇವನು ನಮ್ಮವನು ಅಂತ ಅವನು ಗುರುತು ಹಾಕಿಟ್ಟಿದ್ದಾನೆ" ಎಂದರು. ಯೇಸುವಿನ ಗುರುತುಗಳು ನನ್ನ ದೇಹದ ಮೇಲಿವೆ ಎಂದು ಪೌಲನೂ ಗಲಾತ್ಯದವರಿಗೆ ಬರೆದಿದ್ದಾನೆ ಎಂದೆ. ಅದ್ಯಾವ ಗುರುತು ಎಂದು ಕೇಳಿದರು. ಚಾಟಿ ಏಟಿನದು, ಕಲ್ಲೇಟಿನದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವರು ಮಹಾನುಭಾವರು" ಎಂದರು. ನೀನು ಆಗ ಒಳಗೆ ಕಾಫಿ ತರಲು ಹೋಗಿದ್ದೆ.

ಅವತ್ತೇ ಅವರು ನನಗೆ ಶ್ರೀವೈಷ್ಣವರ ಎರಡು ಪಂಗಡಗಳಾದ ತೆಂಗಲೆ, ವಡಗಲೆಯವರ ಜಗಳದ ಮೂಲ ಹೇಳಿಕೊಟ್ಟದ್ದು: ದೇವರು ಕಾಪಾಡುವಾಗ ಮನುಷ್ಯನ ಪಾಲೂ ಬೇಕೇ ಎಂಬುದು. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿಯಬೇಕು. ಬೆಕ್ಕಿನಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ವೇದಾಂತ ದೇಶಿಕರ ಕಡೆಯವರು ಮೊದಲನೆಯದನ್ನು ಹೇಳಿದರೆ, ಪಿಳ್ಳೈ ಲೋಕಾಚಾರ್ಯರ ಕಡೆಯವರು ಎರಡನೆಯದನ್ನು ಹೇಳುತ್ತಾರೆ. ಯೂರೋಪಿನಲ್ಲೂ ಹತ್ತಿರಹತ್ತಿರ ಇದೇ ವಾದ ನಡೆದಿದೆ. 1524ರಲ್ಲಿ ಕಥೋಲಿಕ ಪಂಡಿತ ಎರಾಸ್ಮಸ್, ಕೃಪೆಯನ್ನು ಹಿಡಿದುಕೊಳ್ಳುವಷ್ಟು ಶಕ್ತಿ ಮನುಷ್ಯನ ಇಚ್ಛೆಗೆ ಉಳಿದಿದೆ ಎಂದು ಬರೆದರು. ಅಷ್ಟೂ ಇಲ್ಲ ಎಂದು ಮಾರನೆಯ ವರ್ಷವೇ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್ ಉತ್ತರ ಕೊಟ್ಟರು. 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಕಥೋಲಿಕರು ತಮ್ಮ ನಿಲುವನ್ನು ಕಟ್ಟುನಿಟ್ಟಾಗಿ ಬರೆದಿಟ್ಟರು. ರಕ್ಷಣೆಯ ಮೂಲ ದೇವರ ಕೃಪೆಯೇ, ನಮ್ಮ ಯೋಗ್ಯತೆಯಲ್ಲ ಎಂದು ಕಥೋಲಿಕರೂ ಲೂಥರನ್ನರೂ ಒಟ್ಟಿಗೆ ಸಹಿ ಹಾಕಲು 1999ರ ಅಕ್ಟೋಬರ್ 31ರವರೆಗೆ ಕಾಯಬೇಕಾಯಿತು, ಅದೂ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ. ಕೃಪೆಯೆಂದರೆ ಎಲ್ಲರಿಗೂ ಇಷ್ಟ. ಆದರೆ ನನ್ನ ಪಾಲು ಏನೂ ಇಲ್ಲ ಎಂದು ಒಪ್ಪಿಕೊಳ್ಳುವುದು ಮೇಲುಕೋಟೆಯಲ್ಲೂ ಕಷ್ಟ, ಆಗ್ಸ್‌ಬರ್ಗ್‌ನಲ್ಲೂ ಕಷ್ಟ.

ಇದಕ್ಕೆ ಪೂರ್ತಿ ಎದುರಾದ ಉತ್ತರವೂ ನಿಮ್ಮೂರಿಗೆ ದೂರವೇನಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸಲ್ಲೇಖನ ಮಾಡಿ, ಅಂದರೆ ಉಪವಾಸವಿದ್ದು, ಪ್ರಾಣಬಿಟ್ಟ ಜೈನರ ಶಾಸನಗಳಿವೆಯಲ್ಲ, ಅವರ ಮತದಲ್ಲಿ ಮೋಕ್ಷ ಕೊಡುವವರು ಯಾರೂ ಇಲ್ಲ. ತೀರ್ಥಂಕರರು ದಾರಿ ತೋರಿಸುತ್ತಾರೆ, ಕೈ ಹಿಡಿದು ಎತ್ತುವುದಿಲ್ಲ. ಅಂಟಿದ ಕರ್ಮವನ್ನು ತಪಸ್ಸಿನಿಂದ ತಾನೇ ಉದುರಿಸಿಕೊಳ್ಳಬೇಕು. ಆ ನಿಷ್ಠೆಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಸ್ಲಾಮಿನಲ್ಲಿ ದೇವರು ಪರಮ ದಯಾಳು. ಆದರೆ ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂದು ಕುರಾನ್ ಸ್ಪಷ್ಟವಾಗಿ ಹೇಳುತ್ತದೆ, ಯೇಸು ಶಿಲುಬೆಯ ಮೇಲೆ ಸತ್ತದ್ದನ್ನೂ ಒಪ್ಪುವುದಿಲ್ಲ. ನಮ್ಮ ನಂಬಿಕೆಯ ಪೂರ್ತಿ ಭಾರ ನಿಂತಿರುವುದೇ ಇನ್ನೊಬ್ಬನು ನಮ್ಮ ಹೊರೆ ಹೊತ್ತ ಎಂಬುದರ ಮೇಲೆ.

ನಿನ್ನ ತಂದೆಗೂ ನನಗೂ ದಾರಿ ಬೇರೆಯಾದದ್ದು ಕೂಡ ಅಲ್ಲೇ. ಕೃಪೆಯ ವಿಷಯದಲ್ಲಿ ಅಷ್ಟು ಹತ್ತಿರ ಬಂದಿದ್ದೆವು, ಆದರೂ ಬೇರೆ. ಪ್ರತಿ ಭಾನುವಾರ ಸಭೆಯಲ್ಲಿ ವಿಶ್ವಾಸಪ್ರಮಾಣ ಹೇಳುವಾಗ ಪೊಂತ್ಯ ಪಿಲಾತನ ಹೆಸರು ಬರುತ್ತದೆ. ರೋಮಿನ ಒಬ್ಬ ಅಧಿಕಾರಿ, ಯೂದಾಯದಲ್ಲಿ ಹತ್ತು ವರ್ಷ ಆಳಿದವನು. ಅವನ ಹೆಸರನ್ನು ಎರಡು ಸಾವಿರ ವರ್ಷ ಪ್ರಾರ್ಥನೆಯ ಮಧ್ಯೆ ಯಾಕೆ ಉಳಿಸಿಕೊಂಡಿದ್ದೇವೆ? ದೇವರು ರಕ್ಷಿಸುತ್ತಾನೆ ಎಂಬುದು ನಮಗೆ ಬರೀ ತತ್ವವಲ್ಲ. ಇಂಥ ಊರಿನಲ್ಲಿ, ಇಂಥವನ ಆಳ್ವಿಕೆಯಲ್ಲಿ ನಡೆದುಹೋದ ಸಂಗತಿ. ಆ ಶುಕ್ರವಾರ ನಡೆಯದಿದ್ದರೆ ನನ್ನ ನಂಬಿಕೆಗೆ ನೆಲೆಯಿಲ್ಲ; ಕ್ರಿಸ್ತನು ಎದ್ದು ಬಾರದಿದ್ದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಪಾಪವನ್ನು ಕ್ಷಮಿಸಿಬಿಟ್ಟರೆ ಸಾಲದೇ, ದೇವರು ಯಾಕೆ ಸಾಯಬೇಕಿತ್ತು ಎಂದು ನಿನ್ನ ತಂದೆ ಕೇಳಿದ್ದರು. ಒಬ್ಬರು ಮಾಡಿದ ಅನ್ಯಾಯವನ್ನು ನಿಜವಾಗಿ ಕ್ಷಮಿಸಿದವರಿಗೆ ಅದರ ನೋವು ಯಾರ ಪಾಲಿಗೆ ಬೀಳುತ್ತದೆಂದು ಗೊತ್ತು; ಕ್ಷಮಿಸಿದವನೇ ನುಂಗಿಕೊಳ್ಳಬೇಕು. ದೇವರೂ ಅದನ್ನೇ ಮಾಡಿದ ಎಂದೆ. ಅವರು ಒಪ್ಪಲಿಲ್ಲ. ತಾಯಾರ್, ಅಂದರೆ ಲಕ್ಷ್ಮಿ, ಪಕ್ಕದಲ್ಲಿದ್ದು ಶಿಫಾರಸು ಮಾಡುವಾಗ ನಾರಾಯಣ ಮನಸ್ಸು ಮಾಡಿದರೆ ಸಾಕು ಎಂದರು.

ಇನ್ನೂ ಒಂದು ವ್ಯತ್ಯಾಸವಿದೆ. ನಿಮಗೆ ಬಿಡುಗಡೆ ಬೇಕಾದದ್ದು ಹುಟ್ಟುಸಾವಿನ ಸುತ್ತಿನಿಂದ, ಅನಾದಿ ಕರ್ಮದಿಂದ. ನಮಗೆ ಜನ್ಮ ಒಂದೇ. ಈ ಮೈಯೇ ಹೊಸದಾಗಿ ಎದ್ದು ಬರುತ್ತದೆ, ಈ ಭೂಮಿಯೇ ಹೊಸದಾಗುತ್ತದೆ ಎಂದು ನಾವು ಕಾಯುತ್ತೇವೆ. ನಮ್ಮಮ್ಮನನ್ನು ಮಣ್ಣು ಮಾಡಿದಾಗ ಅವರ ಮುಖವನ್ನೇ ಮತ್ತೆ ನೋಡುತ್ತೇನೆ ಎಂದು ನನ್ನನ್ನು ತಡೆದು ನಿಲ್ಲಿಸಿದ ಧೈರ್ಯ ಅದೇ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನೇ ಮಾರ್ಗವೂ ಸತ್ಯವೂ ಜೀವವೂ ಆಗಿದ್ದೇನೆ, ನನ್ನ ಮೂಲಕ ಹೊರತು ಯಾರೂ ತಂದೆಯ ಬಳಿಗೆ ಬರುವುದಿಲ್ಲ ಎಂದು ಯೇಸು ಹೇಳಿದ್ದು ಯೋಹಾನನ ಸುವಾರ್ತೆಯಲ್ಲಿದೆ. ಆ ಮಾತನ್ನು ನಾನು ತೆಳುಮಾಡಲಾರೆ. ಆದರೆ ಅದನ್ನು ಹಿಡಿದು ಜನರ ಪಟ್ಟಿ ಮಾಡಹೊರಟವರ ಚರಿತ್ರೆಯನ್ನೂ ಓದಿದ್ದೇನೆ. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ, ಕಥೋಲಿಕ ಸಭೆಯ ಹೊರಗಿರುವವರು ಸಾಯುವ ಮುಂಚೆ ಒಳಗೆ ಬಾರದಿದ್ದರೆ ನಿತ್ಯಾಗ್ನಿಯೇ ಗತಿ ಎಂದು ಬರೆಯಿತು. ನೂರು ವರ್ಷ ಕಳೆದ ಮೇಲೆ, 1549ರಲ್ಲಿ, ಕಥೋಲಿಕ ಮಿಷನರಿ ಫ್ರಾನ್ಸಿಸ್ ಕ್ಸೇವಿಯರ್ ಜಪಾನಿನ ಕಾಗೊಶಿಮಾದಲ್ಲಿ ಇಳಿದರು. ಗೋವೆಯಲ್ಲಿ ಇಂದಿಗೂ ಅವರ ದೇಹವನ್ನು ಇಟ್ಟಿದ್ದಾರಲ್ಲ, ಅವರೇ. ಜಪಾನಿನಲ್ಲಿ ಹೊಸದಾಗಿ ನಂಬಿದವರು ಕೇಳಿದ್ದು ನೀನು ಕೇಳಿದ್ದನ್ನೇ: ಇದನ್ನು ಕೇಳದೆ ಸತ್ತ ನಮ್ಮ ಅಪ್ಪ ಅಮ್ಮನ ಗತಿಯೇನು? ನರಕದಿಂದ ಅವರನ್ನು ಬಿಡಿಸಲು ಪ್ರಾರ್ಥನೆಯೋ ದಾನವೋ ಏನೂ ಇಲ್ಲವೇ? ಇಲ್ಲ ಎಂದರು ಕ್ಸೇವಿಯರ್. ಕೇಳಿದವರು ಅತ್ತರು, ಅಷ್ಟು ಪ್ರೀತಿಯ ಗೆಳೆಯರು ಅಳುವುದನ್ನು ನೋಡಿ ತನಗೂ ಸಂಕಟವಾಯಿತು ಎಂದು 1552ರ ಪತ್ರದಲ್ಲಿ ಅವರೇ ಬರೆದುಕೊಂಡಿದ್ದಾರೆ. ಆ ಪತ್ರದ ವಿಷಯ ಓದಿದಾಗ, ಕ್ಸೇವಿಯರ್‌ಗೆ ಬಂದ ಸಂಕಟವೇ ಅವರು ಕೊಟ್ಟ ಉತ್ತರಕ್ಕಿಂತ ಹೆಚ್ಚು ಯೇಸುವಿನದು ಎಂದು ನನಗೆ ಅನಿಸಿತು.

ಕಥೋಲಿಕ ಸಭೆ ಆಮೇಲೆ ಬಹಳ ದೂರ ಬಂತು. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ ಉಳಿದವರು ದೇವರನ್ನು ಪ್ರಾಮಾಣಿಕವಾಗಿ ಹುಡುಕಿ, ಮನಸ್ಸಾಕ್ಷಿಯಂತೆ ನಡೆದರೆ ಅವರಿಗೂ ರಕ್ಷಣೆಯುಂಟು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ನಾನು ಬೆಳೆದದ್ದು ಮೈಸೂರಿನ ವೆಸ್ಲಿಯನ್ ಮಿಷನ್ನಿನ ಪ್ರೊಟೆಸ್ಟಂಟ್ ಪರಂಪರೆಯಲ್ಲಿ. ಮನುಷ್ಯ ದೇವರ ಕಡೆ ತಿರುಗುವ ಮೊದಲೇ ದೇವರ ಕೃಪೆ ಅವನೊಳಗೆ ಕೆಲಸ ಶುರುಮಾಡಿರುತ್ತದೆ, ಆ ಕೃಪೆ ಮುಟ್ಟದ ಮನುಷ್ಯನೇ ಇಲ್ಲ ಎಂಬುದು ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿಯ ಬೋಧನೆ. ಸಾಯುವ ಹಿಂದಿನ ವರ್ಷ, 1790ರಲ್ಲಿ, ಅನ್ಯಮತದವರಿಗೆಲ್ಲ ನರಕದಂಡನೆ ವಿಧಿಸುವ ಹಕ್ಕು ಬದುಕಿರುವ ಯಾರಿಗೂ ಇಲ್ಲ, ಅವರನ್ನು ಸೃಷ್ಟಿಸಿದವನಿಗೇ ಅದನ್ನು ಬಿಡೋಣ ಎಂದರು ಅವರು. ಇದನ್ನು ಒಪ್ಪದ ಪ್ರೊಟೆಸ್ಟಂಟರು ಬಹಳ ಜನರಿದ್ದಾರೆ, ನನ್ನ ನೆಂಟರಲ್ಲೂ ಇದ್ದಾರೆ. ಅವರ ಬಳಿಯೂ ವಾಕ್ಯಗಳಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ನಿನ್ನ ತಂದೆ ಯೇಸುವಿನ ಹೆಸರು ಕೇಳದವರ ಸಾಲಿಗೆ ಸೇರುವುದಿಲ್ಲ ಕಣೋ. ಕೇಳಿದ್ದರು. ನನ್ನಿಂದಲೇ ಕೇಳಿದ್ದರು, ಪ್ರಶ್ನೆ ಹಾಕಿದ್ದರು, ಒಪ್ಪದೆ ಉಳಿದರು. ಕಷ್ಟದ ಜಾಗ ಇದೇ. ಅದನ್ನು ದಾಟಿಕೊಂಡು ಹೋಗಲು ನನಗೆ ಮನಸ್ಸಿಲ್ಲ. ಅವರ ಕಿವಿಗೆ ಬಿದ್ದದ್ದೆಷ್ಟು, ಒಳಗೆ ಇಳಿದದ್ದೆಷ್ಟು, ನಮ್ಮಂಥವರ ನಡತೆ ಅದಕ್ಕೆ ಅಡ್ಡ ನಿಂತದ್ದೆಷ್ಟು ಎಂಬುದನ್ನು ಅಳೆಯಬಲ್ಲವನು ಒಬ್ಬನೇ. ಕರ್ತನೇ ಕರ್ತನೇ ಎನ್ನುವವರೆಲ್ಲರೂ ಪರಲೋಕರಾಜ್ಯ ಸೇರುವುದಿಲ್ಲ ಎಂದು ಯೇಸು ಎಚ್ಚರಿಸಿದ್ದು ನಮ್ಮಂಥವರನ್ನು. ಹಸಿದವನಿಗೆ ಊಟ ಕೊಟ್ಟು, ಯಾರಿಗೆ ಕೊಟ್ಟೆನೆಂದೇ ಗೊತ್ತಿಲ್ಲದವರನ್ನು ಕಡೆಯ ತೀರ್ಪಿನಲ್ಲಿ ಬಲಗಡೆ, ರಕ್ಷಣೆ ಪಡೆಯುವವರ ಕಡೆ, ನಿಲ್ಲಿಸಿದ ಕಥೆಯನ್ನು ಹೇಳಿದವನೂ ಅವನೇ. ಯೆಹೂದ್ಯರ ಮೂಲಪಿತೃ ಅಬ್ರಹಾಮ ಯೇಸುವಿನ ಹೆಸರೇ ಕೇಳಿರಲಿಲ್ಲ. ಆದರೂ ನಂಬಿಕೆಯಿಂದ ನೀತಿವಂತನೆನಿಸಿಕೊಂಡವರಲ್ಲಿ ಪೌಲನು ಮೊದಲು ಹೆಸರಿಸುವುದು ಅವನನ್ನೇ.

ಹಾಗಾಗಿ ನನ್ನ ಉತ್ತರ ಇದು. ನಿನ್ನ ತಂದೆಗೆ ರಕ್ಷಣೆ ಸಿಕ್ಕಿದ್ದರೆ ಅದು ಶಿಲುಬೆಯ ಮೇಲೆ ಸತ್ತ ಯೇಸುವಿನಿಂದಲೇ ಸಿಕ್ಕಿದೆ ಎಂದು ನಂಬುತ್ತೇನೆ. ತನ್ನ ಹೆಸರು ಹೇಳದವನನ್ನು ಯೇಸು ರಕ್ಷಿಸಲಾರ ಎಂದು ನಂಬುವುದಿಲ್ಲ. ಸರ್ವಲೋಕಕ್ಕೆ ನ್ಯಾಯ ತೀರಿಸುವವನು ನ್ಯಾಯವನ್ನೇ ನಡಿಸದೆ ಇರುತ್ತಾನೆಯೇ ಎಂದು ಅಬ್ರಹಾಮ ಸೊದೋಮಿನ ಜನರಿಗಾಗಿ ದೇವರ ಮುಂದೆ ನಿಂತು ಕೇಳಿದ. ನಿನ್ನ ತಂದೆಯ ಹೆಸರು ಹಿಡಿದು ನಾನೂ ದಿನವೂ ಹಾಗೇ ಕೇಳುತ್ತಿದ್ದೇನೆ. ಅವರು ಸೇರಿದ್ದಾರೆ ಎಂದು ಹೇಳುವ ಜ್ಞಾನ ನನಗಿಲ್ಲ. ಸೇರಿರಲಿ ಎಂಬ ಆಸೆ ಇದೆ, ಆ ಆಸೆಗೆ ಆಧಾರವೂ ಇದೆ.

ಹಾಗಾದರೆ ಸುವಾರ್ತೆ ಸಾರುವುದಾದರೂ ಏಕೆ ಎಂದು ನಮ್ಮವರೇ ಕೇಳಬಹುದು. ನನಗೆ ಸಿಕ್ಕಿದ ಇಷ್ಟು ದೊಡ್ಡ ಸಂತೋಷವನ್ನು ಬಚ್ಚಿಟ್ಟುಕೊಂಡು ಇರುವುದು ಹೇಗೆ? ತಿರುಕ್ಕೋಷ್ಟಿಯೂರಿನಲ್ಲಿ ರಾಮಾನುಜರು ಮಾಡಿದ್ದೂ ಅದನ್ನೇ ಅಲ್ಲವೇ. ಹದಿನೆಂಟು ಸಲ ಅಲೆಸಿ ಗೋಷ್ಠೀಪೂರ್ಣರು ಗುಟ್ಟಾಗಿ ಉಪದೇಶಿಸಿದ ಮಂತ್ರಾರ್ಥವನ್ನು ಎಲ್ಲರನ್ನೂ ಕರೆದು ಸಾರಿದರು. ಹೇಳಿದರೆ ನರಕ ಎಂದು ಗುರು ಎಚ್ಚರಿಸಿದ್ದರೂ, ಇಷ್ಟು ಜನ ಉಳಿಯುವುದಾದರೆ ನಾನೊಬ್ಬ ನರಕಕ್ಕೆ ಹೋಗಲು ಸಿದ್ಧ ಎಂದರು. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ, ನನ್ನ ಸ್ವಜನರು ಉಳಿಯುವುದಾದರೆ ನಾನೇ ಕ್ರಿಸ್ತನಿಂದ ದೂರವಾಗಿ ಶಾಪಗ್ರಸ್ತನಾದರೂ ಆಗಲಿ ಎನ್ನುತ್ತಾನೆ. ಮೋಶೆಯೂ ಜನರ ಪಾಪ ಕ್ಷಮಿಸದಿದ್ದರೆ ನನ್ನ ಹೆಸರನ್ನೂ ನಿನ್ನ ಪುಸ್ತಕದಿಂದ ಅಳಿಸಿಬಿಡು ಎಂದು ದೇವರನ್ನು ಹಿಡಿದುಕೊಂಡ. ಇನ್ನೊಬ್ಬರ ಗತಿಯ ಬಗ್ಗೆ ಮಾತಾಡುವ ಯೋಗ್ಯತೆ ಇಂಥವರಿಗೆ ಮಾತ್ರ ಇದೆ ಎನಿಸುತ್ತದೆ. ಬೇರೆಯವರನ್ನು ನರಕಕ್ಕೆ ಕಳಿಸುವ ಆತುರ ಅವರಲ್ಲಿ ಒಬ್ಬರಿಗೂ ಇರಲಿಲ್ಲ.

ಅಪ್ಪ ನಂಬಿದ್ದು ನಾರಾಯಣನನ್ನು, ನೀನು ಅವರನ್ನು ಯೇಸುವಿನ ಲೆಕ್ಕಕ್ಕೆ ಬರೆದುಕೊಳ್ಳುತ್ತೀಯಲ್ಲ ಎಂದು ನಿನಗೆ ಬೇಸರವಾದೀತು. ಆದರೆ ನನ್ನ ನಂಬಿಕೆಯೊಳಗೆ ನಿಂತು ಅವರಿಗಾಗಿ ಇದಕ್ಕಿಂತ ದೊಡ್ಡದನ್ನು ಬಯಸಲು ನನಗೆ ಬರುವುದಿಲ್ಲ. ನಿಮ್ಮಲ್ಲೂ ಇಂಥದ್ದೊಂದಿದೆ. ಗೀತೆಯ ಒಂಬತ್ತನೆಯ ಅಧ್ಯಾಯದ ಇಪ್ಪತ್ತಮೂರನೆಯ ಶ್ಲೋಕದಲ್ಲಿ, ಶ್ರದ್ಧೆಯಿಂದ ಬೇರೆ ದೇವತೆಗಳನ್ನು ಪೂಜಿಸುವವರೂ ನನ್ನನ್ನೇ ಪೂಜಿಸುತ್ತಾರೆ, ಆದರೆ ವಿಧಿ ತಪ್ಪಿ ಎಂದು ಕೃಷ್ಣ ಹೇಳುತ್ತಾನಲ್ಲ. ರಾಮಾನುಜರ ಭಾಷ್ಯದಲ್ಲಿ ಅದಕ್ಕೆ ಏನು ಅರ್ಥ ಹೇಳಿದ್ದಾರೆ, ನಿನ್ನ ತಂದೆ ಅದನ್ನು ಹೇಗೆ ಪಾಠ ಹೇಳುತ್ತಿದ್ದರು, ಅವರ ಲೆಕ್ಕದಲ್ಲಿ ನನ್ನಂಥವನು ಎಲ್ಲಿ ನಿಲ್ಲುತ್ತಿದ್ದ ಎಂದು ನನಗೆ ಬರೆ. ನೀನು ಕೇಳಿದಷ್ಟೇ ನೇರವಾಗಿ ಕೇಳುತ್ತಿದ್ದೇನೆ, ನೀನೂ ಮರೆಮಾಚಬೇಡ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ