ಹೈಡ್ರೇಂಜಿಯಾ ಕಡ್ಡಿ ಬೇಕಾದವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಿದೆ, ಕಡ್ಡಿ ನೆಡಲು ಇದೇ ಸಮಯ. ಹೂ ಬಿಡದ ಕೊಂಬೆಯನ್ನು 4-5 ಇಂಚು ಉದ್ದಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿಗೆ ಊರಿ. ಕುಂಡವನ್ನು ಜಗಲಿಯಲ್ಲಿಡಿ, ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಹೊರಗಿಟ್ಟರೆ ಕೊಳೆತು ಹೋಗುತ್ತದೆ.

ಮಡಿಕೇರಿಯಲ್ಲಿ ನೀಲಿ ಇದ್ದ ಹೂ ನಮ್ಮಲ್ಲಿ ಗುಲಾಬಿ ಬಣ್ಣ ಆಯ್ತು, ಯಾಕೆ ಎಂದು ತುಂಬಾ ಜನ ಕೇಳುತ್ತೀರಿ. ಗಿಡದ ತಪ್ಪಲ್ಲ, ಎಲ್ಲಾ ಮಣ್ಣಿನದು. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಬೇರಿಗೆ ಸುಲಭವಾಗಿ ಸಿಗುತ್ತದೆ, ಅದರಿಂದಲೇ ನೀಲಿ. ಕಾಫಿ ತೋಟಕ್ಕೆ ಸುಣ್ಣ ಹಾಕುತ್ತೇವಲ್ವಾ, ಅದು ಪಕ್ಕದ ಗಿಡದ ಬುಡಕ್ಕೂ ಬಿದ್ದರೆ ಹುಳಿ ಕಡಿಮೆಯಾಗಿ ಹೂ ಗುಲಾಬಿಗೆ ತಿರುಗುತ್ತದೆ. ಹೊಸ ಸಿಮೆಂಟ್ ಗೋಡೆಯ ಪಕ್ಕವೂ ಹಾಗೇ. ಬಿಳಿ ಜಾತಿ ಮಾತ್ರ ನೀಲಿ ಆಗುವುದಿಲ್ಲ, ಸುಮ್ನೆ ಏನೇನೋ ಸುರಿಯಬೇಡಿ.

ಇನ್ನೊಂದು ಮುಖ್ಯ ವಿಷಯ, ಕತ್ತರಿ. ಎರಡು ವರ್ಷದ ಹಿಂದೆ ನಾನು ಡಿಸೆಂಬರ್‌ನಲ್ಲಿ ಗಿಡ ಚೊಕ್ಕಟವಾಗಲಿ ಎಂದು ಬುಡದವರೆಗೆ ಸವರಿದೆ, ಮುಂದಿನ ಸಲ ಬರೀ ಎಲೆ, ಒಂದು ಹೂವೂ ಇಲ್ಲ, ತುಂಬಾ ಬೇಜಾರಾಯಿತು. ನಮ್ಮ ಮನೆಗಳಲ್ಲಿರುವ ದೊಡ್ಡ ಚೆಂಡು ಹೂವಿನ ಜಾತಿ ಹಳೆ ಕೊಂಬೆಯಲ್ಲೇ ಮೊಗ್ಗು ಕಟ್ಟುತ್ತದೆ. ಹಾಗಾಗಿ ಹೂ ಬಾಡಿದ ಕೂಡಲೇ ಮೇಲಿನ ಎರಡು ಗೆಣ್ಣು ಮಾತ್ರ ತೆಗೆಯಿರಿ.

ಬೆಳಗಿನ ಬಿಸಿಲು ಸಾಕು. ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಹೊದಿಸಿ. ಎಲೆ, ಮೊಗ್ಗು ವಿಷ, ನಾಯಿ, ದನ ಬಾಯಿ ಹಾಕದಂತೆ ನೋಡಿಕೊಳ್ಳಿ.

ನನ್ನ ಹತ್ತಿರ ಸುಮಾರು 20 ಕಡ್ಡಿ ಇದೆ. ಬೇಕಾದವರು ಇಲ್ಲೇ ಹೇಳಿ, ಭಾನುವಾರ ಕೊಡುತ್ತೇನೆ.