ಕಾರು ಓಡಿಸುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಈ ಸೈಕಲ್‌ನವರು ಅಂಚಿನಲ್ಲಿ ಹೋಗೋದು ಬಿಟ್ಟು ರಸ್ತೆ ಮಧ್ಯಕ್ಕೆ ಯಾಕೆ ಬರ್ತಾರೆ ಅಂತ. ಅದು ಎರಡು ಮಾತಲ್ಲಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರಿನೊಳಗಿಂದ ನೋಡಿದರೆ ಅಂಚು ಖಾಲಿ ಇದ್ದ ಹಾಗೆ ಕಾಣುತ್ತದೆ. ಸೈಕಲ್ ಹತ್ತಿ ನೋಡು, ಅಲ್ಲೇ ಇರುತ್ತವೆ ಮರಳು, ಗಾಜಿನ ಚೂರು, ಕಿತ್ತುಹೋದ ಡಾಂಬರು, ಚಕ್ರ ಸಿಕ್ಕಿಕೊಳ್ಳುವ ಚರಂಡಿ ಕಂಬಿ. ಸಾಲಾಗಿ ನಿಲ್ಲಿಸಿದ ಕಾರುಗಳಲ್ಲಿ ಯಾವುದರ ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿಲ್ಲ, ಹಾಗಾಗಿ ಒಂದು ಬಾಗಿಲಿನಷ್ಟು ಜಾಗ ಬಿಟ್ಟೇ ಹೋಗಬೇಕು. ರಸ್ತೆ ಕಿರಿದಾದ ಕಡೆ ನಾವು ಅಂಚಿಗೆ ಅಂಟಿಕೊಂಡರಂತೂ ಹಿಂದಿನವರು ಸಿಕ್ಕಷ್ಟು ಸಂದಿಯಲ್ಲೇ ತೂರಿಕೊಂಡು ಹೋಗಲು ನೋಡುತ್ತಾರೆ. ಇಂಥ ಕಡೆ ಲೇನಿನ ಮಧ್ಯದಲ್ಲೇ ಹೋಗಿ ಅಂತ ಬ್ರಿಟನ್ನಿನ ರಸ್ತೆ ನಿಯಮಗಳೇ 2022ರಿಂದ ಸೈಕಲ್‌ನವರಿಗೆ ಹೇಳುತ್ತಿವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಆಗೋದು ಮೈಗೆ ಸವರಿಕೊಂಡ ಹಾಗೆ ಓವರ್‌ಟೇಕ್ ಮಾಡಿದಾಗ. ಸೈಕಲ್ ಗೆರೆ ಎಳೆದ ಹಾಗೆ ನೇರ ಹೋಗುವುದಿಲ್ಲ ಕಣೋ. ಬೀಳದೇ ಇರಬೇಕಾದರೆ ಹ್ಯಾಂಡಲ್ ಸದಾ ಅತ್ತಿತ್ತ ಸ್ವಲ್ಪ ಆಡುತ್ತಲೇ ಇರಬೇಕು. ಗುಂಡಿ ಬಂದರೆ ಇನ್ನೂ ಸರಿಯುತ್ತದೆ. ದೊಡ್ಡ ಲಾರಿ ಪಕ್ಕದಲ್ಲಿ ಜೋರಾಗಿ ಹೋದರೆ ಅದರ ಗಾಳಿಯೇ ಸಾಕು ತೂಗಾಡಿಸಲು. ಜರ್ಮನಿಯಲ್ಲಿ 2020ರಿಂದ ಊರೊಳಗೆ ಕನಿಷ್ಠ 1.5 ಮೀಟರ್, ಊರ ಹೊರಗೆ 2 ಮೀಟರ್ ಬಿಟ್ಟೇ ಸೈಕಲ್ ದಾಟಬೇಕು ಅಂತ ಕಾನೂನಿದೆ. ಫ್ರಾನ್ಸಿನಲ್ಲಿ ಅದು 1 ಮತ್ತು 1.5 ಮೀಟರ್. ಎದುರಿಂದ ಗಾಡಿ ಬರ್ತಿದೆ, ಅಷ್ಟು ಜಾಗ ಸಿಗಲ್ಲ ಅಂದರೆ ಹಿಂದೆಯೇ ಬಾ. ಎಷ್ಟೋ ಸಲ ಹಾಗೆ ನುಗ್ಗಿ ಹೋದವರು ಮುಂದಿನ ಸಿಗ್ನಲ್‌ನಲ್ಲಿ ನನ್ನ ಪಕ್ಕದಲ್ಲೇ ನಿಂತಿರುತ್ತಾರೆ!

ತೀರಾ ಹತ್ತಿರ ಬಂದು ಹಾರ್ನ್ ಹೊಡೆಯಬೇಡ. ಬೆಚ್ಚಿ ತಿರುಗಿ ನೋಡಿದರೆ ಹ್ಯಾಂಡಲ್ಲೂ ಅದೇ ಕಡೆ ತಿರುಗುತ್ತದೆ, ಅಂದರೆ ನಿನ್ನ ಕಾರಿನ ಕಡೆಗೇ. ಇನ್ನು ಓವರ್‌ಟೇಕ್ ಮಾಡಿದ ಕೂಡಲೇ ನಮಗೆ ಅಡ್ಡ ಬಂದು ಪಕ್ಕದ ರಸ್ತೆಗೆ ತಿರುಗಿಸುವವರು. ಅದನ್ನು ನೆನೆದರೇ ಸಿಟ್ಟು ಬರುತ್ತದೆ, ಅಷ್ಟೊತ್ತಿಗೆ ಬ್ರೇಕ್ ಹಿಡಿಯಲೂ ಸಮಯ ಇರುವುದಿಲ್ಲ. ತಿರುಗೋದಿದ್ದರೆ ಸೈಕಲ್ ಹಿಂದೆ ನಿಧಾನ ಮಾಡಿ ತಿರುಗಿಸು.

ಸಿಗ್ನಲ್ ಹಾರಿಸುವ, ರಾತ್ರಿ ದೀಪವಿಲ್ಲದೆ ಹೋಗುವ ಸೈಕಲ್‌ನವರೂ ಇದ್ದಾರೆ, ಅದು ತಪ್ಪೇ. ಆದರೆ ಆ ಸಿಟ್ಟನ್ನು ಮುಂದೆ ಸಿಕ್ಕ ಇನ್ಯಾರೋ ಸೈಕಲ್‌ನವರ ಮೇಲೆ ತೀರಿಸಿಕೊಳ್ಳೋದು ಸರಿಯಲ್ಲ ಅಲ್ವಾ? ನಿನ್ನ ಸುತ್ತ ಒಂದು ಟನ್ನಿಗೂ ಮೀರಿದ ಕಬ್ಬಿಣ ಇದೆ. ಅವರ ಸುತ್ತ ಬರೀ ಅಂಗಿ.

ಇನ್ನೊಂದು ವಿಷಯ, ಇದನ್ನು ಇವತ್ತೇ ಶುರು ಮಾಡು. ಕಾರಿನ ಬಾಗಿಲನ್ನು ಅದರ ಪಕ್ಕದ ಕೈಯಿಂದ ತೆಗೆಯದೆ ಆಚೆ ಕಡೆಯ ಕೈಯಿಂದ ತೆಗೆ. ನೆದರ್ಲೆಂಡ್ಸ್‌ನವರ ರೂಢಿ ಇದು. ಮೈ ತಾನಾಗಿ ತಿರುಗುತ್ತದೆ, ಹಿಂದಿನಿಂದ ಬರುವವರು ಕಣ್ಣಿಗೆ ಬೀಳುತ್ತಾರೆ. ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳಿಗೂ ಹೇಳಿಕೊಡು.

ನಿನ್ನ ಗೆಳೆಯ