ಒಗ್ಗರಣೆಯ ತುಪ್ಪ ಇನ್ನು ಮೇಲೆ ಬೇರೆ ಮೇಜಿನ ಮೇಲೆ: ನಮ್ಮ ಖಾನಾವಳಿಯ ಗ್ರಾಹಕರಿಗೆ ಪತ್ರ

ಸಪ್ತಾಪುರ, ಧಾರವಾಡ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಡುಗೆಮನೆಯಲ್ಲಿ ಒಂದು ಬದಲಾವಣೆ ಆಗುತ್ತದೆ. ದಿನದ ಊಟದ ಸಾರು, ಪಲ್ಯ, ರೊಟ್ಟಿ, ಚಪಾತಿ, ಅನ್ನ ಯಾವುದಕ್ಕೂ ಮಾಡುವಾಗ ಹಾಲು, ಮೊಸರು, ಬೆಣ್ಣೆ, ತುಪ್ಪ ಹಾಕುವುದಿಲ್ಲ. ಅವು ಎಲ್ಲಿಗೂ ಹೋಗುವುದಿಲ್ಲ, ಬೇರೆ ಮೇಜಿನ ಮೇಲೆ ಇರುತ್ತವೆ. ಬೇಕಾದವರು ಕೇಳಿ ಹಾಕಿಸಿಕೊಳ್ಳಿ. ಊಟದ ದರ ಈಗ ಎಷ್ಟಿದೆಯೋ ಅಷ್ಟೇ.

ಯಾಕೆ ಈ ಬದಲಾವಣೆ ಅಂತ ನಿಮಗೆ ಹೇಳಲೇಬೇಕು.

ಹೋದ ಸೆಮಿಸ್ಟರ್‌ನಲ್ಲಿ ಒಬ್ಬ ಹುಡುಗಿ ನಮ್ಮಲ್ಲಿ ತಿಂಗಳ ಊಟ ಹಚ್ಚಿದ್ದಳು. ಹಾಲು, ತುಪ್ಪ ಏನೂ ತಿನ್ನುತ್ತಿರಲಿಲ್ಲ. ಮೊದಲ ದಿನವೇ "ಕಾಕು, ಸಾರಿನಾಗ ತುಪ್ಪ ಐತೇನ್ರಿ?" ಅಂತ ಕೇಳಿದಳು. ಬಡಿಸುತ್ತಿದ್ದವರು "ಇಲ್ಲವಾ, ಉಣ್ಣು" ಅಂದರು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಒಗ್ಗರಣೆ ಹಾಕುವವರು ಒಬ್ಬರು, ಬಡಿಸುವವರು ಇನ್ನೊಬ್ಬರು. ಬೇಳೆಸಾರಿನ ಒಗ್ಗರಣೆಗೆ ಎರಡು ಚಮಚ ತುಪ್ಪ ಬೀಳುತ್ತದೆ ಅನ್ನುವುದು ಬಡಿಸುವವರಿಗೆ ಗೊತ್ತಿರಲಿಲ್ಲ. ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ಹುಡುಗಿ ಹಿತ್ತಲ ಕಡೆ ಕೈ ತೊಳೆಯಲು ಹೋದಾಗ ಒಲೆಯ ಮುಂದೆ ತುಪ್ಪದ ಡಬ್ಬಿ ತೆರೆದಿತ್ತು. ಸಾಸಿವೆ ಸಿಡಿಯುತ್ತಿತ್ತು. ಅವಳು ಜಗಳ ಮಾಡಲಿಲ್ಲ. "ನಾ ಕೇಳಿದ್ದೆನಲ್ರಿ ಕಾಕು" ಅಂದಳು, ಅಷ್ಟೇ. ತಿಂಗಳ ಲೆಕ್ಕ ಮುಗಿಸಿ ಹೋದವಳು ಮತ್ತೆ ಬರಲಿಲ್ಲ.

ಈ ಪತ್ರ ಅವಳ ಕಣ್ಣಿಗೆ ಬಿದ್ದರೆ ಒಂದು ಮಾತು. ತಂಗಿ, ತಪ್ಪು ನಮ್ಮದು. ನೀನು ಕೇಳಿದ್ದೆ, ನಾವು ನೋಡದೆ ಉತ್ತರ ಕೊಟ್ಟೆವು. ಕ್ಷಮಿಸು.

ಆ ವಾರವೇ ರಾತ್ರಿ ಪಾತ್ರೆ ತೊಳೆದ ಮೇಲೆ ನಾವು ಒಂಬತ್ತೂ ಜನ ಕೂತು, ವಾರದ ಅಡುಗೆಯನ್ನು ಒಂದೊಂದಾಗಿ ಬರೆದೆವು. ಯಾವುದಕ್ಕೆ ಏನೇನು ಬೀಳುತ್ತದೆ ಅಂತ. ಬರೆಯುತ್ತಾ ಹೋದಂತೆ ನಮಗೇ ಆಶ್ಚರ್ಯ ಆಯಿತು. ನಮ್ಮ ಕಡೆಯ ರೊಟ್ಟಿ ಊಟದಲ್ಲಿ ಹಾಲಿನದು ತೀರಾ ಕಡಿಮೆ.

ರೊಟ್ಟಿಯನ್ನೇ ನೋಡಿ. ಬಿಳಿಜೋಳದ ಹಿಟ್ಟು, ಕುದಿಯುವ ಎಸರು, ಚಿಟಿಕೆ ಉಪ್ಪು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ, ಕುದಿನೀರು ಬಿದ್ದರೇ ಅದು ಒಂದಕ್ಕೊಂದು ಹಿಡಿಯುವುದು. ಬಿಸಿ ಇರುವಾಗಲೇ ನಾದಬೇಕು, ಅಂಗೈ ಸುಡುತ್ತದೆ. ತಟ್ಟಿ ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತೇವೆ. ಆ ನೀರು ಪೂರ್ತಿ ಆರುವುದರೊಳಗೆ ತಿರುವಿ ಹಾಕಬೇಕು, ತಡವಾದರೆ ರೊಟ್ಟಿ ಸೀಳುತ್ತದೆ. ಇಷ್ಟರಲ್ಲಿ ಎಲ್ಲೂ ಎಣ್ಣೆಯೂ ಇಲ್ಲ, ತುಪ್ಪವೂ ಇಲ್ಲ. ಎಣ್ಣೆಗಾಯಿಗೆ ಶೇಂಗಾ, ಗುರೆಳ್ಳು, ಎಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ. ಮಡಿಕೆಕಾಳು, ಹೆಸರುಕಾಳು, ಪುಂಡಿಪಲ್ಯ, ಝುಣಕ, ಕೆಂಪು ಖಾರ, ಮೂರು ಥರದ ಚಟ್ನಿಪುಡಿ, ಯಾವುದರಲ್ಲೂ ಹಾಲಿನ ಹನಿ ಇಲ್ಲ. ನಮ್ಮ ಅಜ್ಜಿಯರು ಹೊಲಕ್ಕೆ ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿಯೇ ಇದು. ಜೊತೆಗೆ ಮೊಸರು ಇದ್ದ ದಿನ ಮೊಸರು, ಇಲ್ಲದ ದಿನ ಈರುಳ್ಳಿ.

ಹಾಗಾದರೆ ಎಲ್ಲಿ ಸೇರುತ್ತಿತ್ತು? ಬೇಳೆಸಾರಿನ ಒಗ್ಗರಣೆಯಲ್ಲಿ. ಮೆತ್ತಗಾಗಲಿ ಅಂತ ಚಪಾತಿ ಹಿಟ್ಟಿಗೆ ಹಾಕುವ ಹಾಲಿನಲ್ಲಿ. ಪಚಡಿಗೆ ಕಲಸುವ ಮೊಸರಿನಲ್ಲಿ. ಮಸಾಲೆ ಅನ್ನದಲ್ಲಿ, ಹುಗ್ಗಿಯಲ್ಲಿ, ಶಿರಾದಲ್ಲಿ. ಇಷ್ಟೇ. ಈ ಇಷ್ಟಕ್ಕಾಗಿ ಒಂದು ಮಗು ಇಡೀ ತಟ್ಟೆಯನ್ನು ಅನುಮಾನದಿಂದ ನೋಡಬೇಕು ಅಂದರೆ ಅದು ಸರಿಯಲ್ಲ, ಅಲ್ವಾ? ಕೇಳುವ ಕೆಲಸ ಉಣ್ಣುವವರದಲ್ಲ, ಹೇಳುವ ಕೆಲಸ ನಮ್ಮದು.

ಇನ್ನು ಮೇಲೆ ಒಗ್ಗರಣೆಯೆಲ್ಲ ಕುಸುಬಿ ಎಣ್ಣೆ ಇಲ್ಲವೇ ಶೇಂಗಾ ಎಣ್ಣೆಯಲ್ಲಿ. ಚಪಾತಿ ಹಿಟ್ಟನ್ನು ಬಿಸಿನೀರು, ಒಂದಿಷ್ಟು ಎಣ್ಣೆ ಹಾಕಿ ನಾದಿ ಅರ್ಧ ಗಂಟೆ ಮುಚ್ಚಿಡುತ್ತೇವೆ, ಹಾಲು ಹಾಕಿದಷ್ಟೇ ಮೆತ್ತಗೆ ಬರುತ್ತಿದೆ. ಪಚಡಿಗೆ ಲಿಂಬೆಹುಳಿ ಮತ್ತು ಶೇಂಗಾ ಪುಡಿ. ಗೋಧಿ ಹುಗ್ಗಿಗೆ ಬೆಲ್ಲದ ಜೊತೆ ಗಸಗಸೆ, ಕೊಬ್ಬರಿ ರುಬ್ಬಿ ಹಾಕುತ್ತೇವೆ, ಹಾಲು ತುಪ್ಪ ಬೇಕಾದವರು ಮೇಲೆ ಹಾಕಿಸಿಕೊಳ್ಳಬಹುದು. ಶಿರಾ ಮಾತ್ರ ಎಣ್ಣೆಯಲ್ಲಿ ಮಾಡಿ ನೋಡಿದೆವು, ನಮಗೆ ರುಚಿ ಹಿಡಿಸಲಿಲ್ಲ. ಹಾಗಾಗಿ ಶಿರಾ ತುಪ್ಪದ್ದೇ. ಭಾನುವಾರ ಮಾತ್ರ, ಬೇರೆ ಒಲೆ, ಬೇರೆ ಪಾತ್ರೆ. ಹಾಲಿನ ಮೇಜಿನ ಸೌಟುಗಳ ಹಿಡಿಕೆಗೆ ಕೆಂಪು ಬಟ್ಟೆ ಸುತ್ತಿದ್ದೇವೆ. ಆ ಸೌಟು ಈ ಕಡೆ ಬರುವ ಹಾಗಿಲ್ಲ.

ಇನ್ನೊಂದು ಹೊಸದು, ಶೇಂಗಾ ಮೊಸರು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇವೆ, ಯಾಕೆಂದರೆ ಇದನ್ನು ಕಲಿಯಲು ನಮಗೆ ಒಂದು ತಿಂಗಳು ಹಿಡಿಯಿತು. ಶೇಂಗಾ ರಾತ್ರಿ ನೆನೆಸಿ, ಬೆಳಿಗ್ಗೆ ಸಿಪ್ಪೆ ತೆಗೆದು, ಒಂದು ಬಟ್ಟಲಿಗೆ ಮೂರು ಬಟ್ಟಲು ನೀರಿನಂತೆ ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಬಂದ ಹಾಲನ್ನು ಕೈ ಬಿಡದೆ ತಿರುವುತ್ತಾ ಕುದಿಸಬೇಕು, ಬಿಟ್ಟರೆ ತಳ ಹಿಡಿಯುತ್ತದೆ. ಬೆರಳು ಅದ್ದಿದರೆ ಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಹೆಪ್ಪು. ಮೊದಲ ಸಲ ಹೆಪ್ಪಿಗೆ ಮೊಸರು ಹಾಕುವ ಹಾಗಿಲ್ಲವಲ್ಲ, ಅದಕ್ಕೆ ಹಸಿಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಹಾಕಿ ಮುಚ್ಚಿಟ್ಟೆವು. ತೊಟ್ಟಿನಲ್ಲಿರುವ ಸೂಕ್ಷ್ಮಜೀವಿಗಳೇ ಹಾಲನ್ನು ಹುಳಿಯಾಗಿಸುತ್ತವೆ. ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದಾಗ ಗಡ್ಡೆ ಕಟ್ಟಿತ್ತು, ಮೇಲೆ ತೆಳುವಾಗಿ ನೀರು ನಿಂತಿತ್ತು. ಈಗ ಹಿಂದಿನ ಸಲದ ಶೇಂಗಾ ಮೊಸರೇ ಮುಂದಿನದಕ್ಕೆ ಹೆಪ್ಪು. ಎಮ್ಮೆ ಮೊಸರಿನ ರುಚಿ ಇದಕ್ಕಿಲ್ಲ, ಇದರ ರುಚಿ ಇದರದೇ. ಶೇಂಗಾ ವಾಸನೆ ಸ್ವಲ್ಪ ಇರುತ್ತದೆ. ಗುರೆಳ್ಳು ಚಟ್ನಿಪುಡಿ ಕಲಸಿ ಕಡಕ್ ರೊಟ್ಟಿ ಜೊತೆ ತಿಂದು ನೋಡಿ. ಸೋಮವಾರ, ಬುಧವಾರ, ಶುಕ್ರವಾರ ಇರುತ್ತದೆ. ಮೊಸರಿನ ಬಟ್ಟಲಿನ ಬದಲು ಇದನ್ನು ಕೇಳಿದರೆ ಬೇರೆ ದುಡ್ಡಿಲ್ಲ.

"ವೀಗನ್ ಅಂದರೆ ಏನು, ನಾವು ಮಾಡುವುದು ಶುದ್ಧ ಸಸ್ಯಾಹಾರವೇ ಅಲ್ವಾ?" ಅಂತ ನಮ್ಮಲ್ಲೇ ಹಿರಿಯರೊಬ್ಬರು ಕೇಳಿದರು. ಸಸ್ಯಾಹಾರದಲ್ಲಿ ಹಾಲು, ಜೇನು ನಡೆಯುತ್ತದೆ. ವೀಗನ್‌ನಲ್ಲಿ ಪ್ರಾಣಿಯಿಂದ ಬಂದದ್ದು ಏನೂ ನಡೆಯುವುದಿಲ್ಲ, ಜೇನು ಕೂಡ. ಅಂಗಡಿಯ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಅದು ಸಸ್ಯಾಹಾರ ಅಂತ ಮಾತ್ರ ಅರ್ಥ, ಒಳಗೆ ಹಾಲಿನ ಪುಡಿ ಇರಬಹುದು. ವೀಗನ್ ಆಹಾರಕ್ಕೆ ಅಂತಲೇ, ಆಹಾರದ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಸ್‌ಎಸ್‌ಎಐ 2022ರಲ್ಲಿ ಬೇರೆ ನಿಯಮ, ಬೇರೆ ಗುರುತು ತಂದಿದೆ. ಆ ಗುರುತು ನಾವು ಪಡೆದಿಲ್ಲ, ಹಾಗಾಗಿ ಹಾಕಿಕೊಳ್ಳುವುದೂ ಇಲ್ಲ. ನಮ್ಮ ಕರಿಹಲಗೆಯಲ್ಲಿ ಆಯಾ ಪದಾರ್ಥದ ಮುಂದೆ "ಹಾಲಿಲ್ಲ" ಅಂತ ಕನ್ನಡದಲ್ಲಿ ಬರೆದಿರುತ್ತದೆ. ಅಡುಗೆಮನೆ ಮಾತ್ರ ಒಂದೇ, ಇದು ನಿಮಗೆ ತಿಳಿದಿರಲಿ. ಶೇಂಗಾ ಆಗಿಬರದವರು ದಯವಿಟ್ಟು ಮೊದಲೇ ಹೇಳಿ. ನಮ್ಮ ಅಡುಗೆಯಲ್ಲಿ ಅದು ಎಲ್ಲ ಕಡೆ ಇದೆ, ಪೂರ್ತಿ ಬೇರೆ ಮಾಡಲು ನಮ್ಮಿಂದ ಆಗುವುದಿಲ್ಲ.

ಹಳೆಯ ಗ್ರಾಹಕರಿಗೆ ಒಂದು ಮಾತು. "ಬೆಣ್ಣಿ ಬಂದ್ ಮಾಡ್ತೀರೇನ್ರಿ?" ಅಂತ ನಿತ್ಯ ಬರುವ ಮಾಸ್ತರರೊಬ್ಬರು ಗಾಬರಿಯಿಂದ ಕೇಳಿದರು. ಇಲ್ಲ ಸರ್. ಬಿಸಿ ರೊಟ್ಟಿ, ಕೆಂಪು ಖಾರ, ಮೇಲೆ ಬೆಣ್ಣೆಯ ಉಂಡೆ, ಅದು ಹಾಗೇ ಇರುತ್ತದೆ. ನಮಗೆ ಹಾಲು, ಮೊಸರು ಕೊಡುವ ಮನೆಯವರ ಎರಡು ಎಮ್ಮೆಗಳ ಹಾಲು ದಿನವೂ ತರಿಸುವುದನ್ನೂ ನಿಲ್ಲಿಸಿಲ್ಲ. ನೀವು ಒಂದು ಮಾತು ಕೇಳಬೇಕು, ನಾವು ತಂದು ಹಾಕುತ್ತೇವೆ, ಅಷ್ಟೇ ವ್ಯತ್ಯಾಸ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಕೆಲವರು ಇಷ್ಟು ದಿನ ಸುಮ್ನೆ ಸಾರು ಬಿಟ್ಟು ಉಣ್ಣುತ್ತಿದ್ದರು ಅಂತ ಈಗ ಗೊತ್ತಾಗಿದೆ. ಅವರಿಗೂ ಇದು ಅನುಕೂಲ.

ಎಲ್ಲ ಹೊತ್ತೂ ನಮ್ಮಲ್ಲೇ ಉಣ್ಣಿ ಅನ್ನಲಾಗುವುದಿಲ್ಲ. ಕರ್ನಾಟಕ ಕಾಲೇಜಿನ ಕಡೆ, ವಿಶ್ವವಿದ್ಯಾಲಯದ ಗುಡ್ಡದ ಕಡೆ, ಕೃಷಿ ವಿಶ್ವವಿದ್ಯಾಲಯದ ಕಡೆ ಓದುವವರಿಗೆ ಹಸಿವು ಎಲ್ಲಿ ಬೇಕಾದರೂ ಆಗುತ್ತದೆ. ನಾವೇ ಅಡುಗೆ ಮಾಡುವವರಾದ್ದರಿಂದ ತಿಳಿದಷ್ಟು ಹೇಳುತ್ತೇವೆ. ಸಂಜೆಗೆ ಗಿರಮಿಟ್ ಒಳ್ಳೆಯದು: ಚುರುಮುರಿ, ಹುಣಸೆ ಬೆಲ್ಲದ ಗೊಜ್ಜು, ಪುಟಾಣಿ ಹಿಟ್ಟು, ಹಸಿ ಈರುಳ್ಳಿ. ಜೊತೆಗೆ ಕಡಲೆಹಿಟ್ಟಿನ ಮಿರ್ಚಿ ಭಜಿ. ಬೆಳಿಗ್ಗೆ ಇಡ್ಲಿ, ವಡೆ, ಪಡ್ಡು, ಪೂರಿ ಸಾಮಾನ್ಯವಾಗಿ ತೊಂದರೆ ಇಲ್ಲ. ರವೆ ಇಡ್ಲಿಗೆ ಮೊಸರು ಬಿದ್ದಿರುತ್ತದೆ. ದೋಸೆ ಹಿಟ್ಟಿನಲ್ಲಿ ಏನಿಲ್ಲದಿದ್ದರೂ ಹಂಚಿಗೆ ಬೆಣ್ಣೆ ಸವರುವವರಿದ್ದಾರೆ, "ಎಣ್ಣೆಯಲ್ಲಿ ಹಾಕಿ" ಅಂತ ಮೊದಲೇ ಹೇಳಿ. ಉಪ್ಪಿಟ್ಟಿನ ಬಗ್ಗೆಯೂ ಕೇಳುವುದು ಒಳ್ಳೆಯದು. ಕೇಳುವಾಗ "ತುಪ್ಪ ಇದೆಯಾ?" ಅನ್ನಬೇಡಿ, "ಒಗ್ಗರಣೆ ಯಾವುದರಲ್ಲಿ ಹಾಕಿದ್ದೀರಿ?" ಅನ್ನಿ, ಮತ್ತು ಅಡುಗೆಯವರನ್ನೇ ಕೇಳಿ. ನಮ್ಮಲ್ಲಿ ಆದ ತಪ್ಪಿನಿಂದ ನಾವು ಕಲಿತದ್ದು ಇದು. ಬೇಕರಿಯ ಬನ್ನು, ಖಾರಿಯಲ್ಲಿ ಹಾಲಿನ ಪುಡಿ ಅಥವಾ ಬೆಣ್ಣೆ ಇರಬಹುದು. ಪೊಟ್ಟಣದ ಬಿಸ್ಕೀಟಾದರೆ ಹಿಂದೆ ಸಣ್ಣಕ್ಷರದಲ್ಲಿ "ಮಿಲ್ಕ್ ಸಾಲಿಡ್ಸ್" ಇದೆಯಾ ನೋಡಿ. ಚಹಾ ಅಂಗಡಿಯಲ್ಲಿ ಲಿಂಬು ಚಹಾ ಕೇಳಿದರೆ ಬಹಳಷ್ಟು ಕಡೆ ಮಾಡಿಕೊಡುತ್ತಾರೆ. ಧಾರವಾಡ ಪೇಡಾ ಹಾಲಿನದೇ. ಕರದಂಟಿನ ಅಂಟನ್ನು ತುಪ್ಪದಲ್ಲಿ ಕರಿಯುವುದು ರೂಢಿ. ಊರಿಗೆ ಏನಾದರೂ ಒಯ್ಯಬೇಕು ಅಂದರೆ ಬೆಲ್ಲದ ಶೇಂಗಾ ಉಂಡೆ, ಎಳ್ಳಿನ ಉಂಡೆ ಕೇಳಿ ತೆಗೆದುಕೊಳ್ಳಿ.

ಹಾಸ್ಟೆಲ್‌ನಲ್ಲಿ ಇರುವ ಮಕ್ಕಳಿಗೆ ಅಕ್ಕಂದಿರಾಗಿ ಇನ್ನೊಂದು ಮಾತು. ಹಾಲು ಬಿಟ್ಟವರು ಬರೀ ಅನ್ನ ಸಾರಿನಲ್ಲಿ ದಿನ ಕಳೆಯಬೇಡಿ. ಕಾಳು, ಬೇಳೆ, ಶೇಂಗಾ, ಸೊಪ್ಪು ದಿನವೂ ತಟ್ಟೆಯಲ್ಲಿರಲಿ. ವಿಟಮಿನ್ ಬಿ12 ಮಾತ್ರ ಕಾಳು, ಸೊಪ್ಪಿನಿಂದ ಸಿಗುವುದಿಲ್ಲ. ಅದಕ್ಕೆ ಮಾತ್ರೆ ಇದೆ, ಡಾಕ್ಟರರನ್ನು ಕೇಳಿ ತೆಗೆದುಕೊಳ್ಳಿ, ಮುಂದೂಡಬೇಡಿ.

ಡಬ್ಬಿ ತರಿಸಿಕೊಳ್ಳುವವರಿಗೆ: ಹಾಲು, ತುಪ್ಪ, ಮೊಸರು ಏನೂ ಬೇಡದ ಡಬ್ಬಿಯ ಹಿಡಿಕೆಗೆ ಹಸಿರು ದಾರ ಕಟ್ಟಿ ಕಳಿಸುತ್ತೇವೆ. ದಾರ ಬಿಚ್ಚದೆ ಹಾಗೇ ವಾಪಸ್ ಕೊಡಿ. ಬೇಕಾದವರು ಈ ತಿಂಗಳ 25ನೇ ತಾರೀಖಿನೊಳಗೆ ಗಲ್ಲೆಯ ಹತ್ತಿರ ಇಟ್ಟಿರುವ ವಹಿಯಲ್ಲಿ ನಿಮ್ಮ ಹೆಸರು ಮತ್ತು ರೂಮಿನ ನಂಬರ್ ಬರೆಯಿರಿ. ಈಗಾಗಲೇ ತಿಂಗಳ ದುಡ್ಡು ಕಟ್ಟಿದವರು, ಈ ಬದಲಾವಣೆ ಬೇಡ ಅನ್ನಿಸಿದರೆ ಉಳಿದ ದಿನಗಳ ಹಣ ವಾಪಸ್ ಪಡೆಯಬಹುದು. ಕಾರಣ ಕೇಳುವುದಿಲ್ಲ.

ಅಡುಗೆಮನೆಯ ಬಾಗಿಲು ಇನ್ನು ಮುಂದೆ ಮಧ್ಯಾಹ್ನ 11ರಿಂದ 12ರವರೆಗೆ ಎಲ್ಲರಿಗೂ ತೆರೆದಿರುತ್ತದೆ. ಅದು ಒಗ್ಗರಣೆ ಹಾಕುವ ಹೊತ್ತು. ಒಳಗೆ ಬಂದು ನೋಡಿ, ಕೇಳಿ.

ನಿಮ್ಮ ವಿಶ್ವಾಸದ,
ಖಾನಾವಳಿಯ ಒಂಬತ್ತು ಜನ ಹೆಣ್ಣುಮಕ್ಕಳು